ಡಿಎನ್‌ಎ ರೀಡಿಂಗ್ ಕಮ್ಮಿ ಬಂದ್ರ ಪ್ರೋಟೀನ್ ಅಡ್ಡಿ ಚೆಕ್ ಮಾಡೋದು ಹೆಂಗ

ರಾಯಚೂರು ಕಡೆ ಹತ್ತಿ, ತೊಗರಿ ಎಲಿಯಿಂದ ಡಿಎನ್‌ಎ ತಗಿಯೋರು ಈ ಚೆಕ್ ಖಂಡಿತ ಮಾಡ್ರಿ. ಡಿಎನ್‌ಎ ಎಷ್ಟದ ಅಂತ ಅಳಿಯೋಕೆ ಹಾಕೋ ಪಿಕೋಗ್ರೀನ್‌ನಂಥ ಹೊಳಿಯೋ ಡೈ ಡಬಲ್ ಸ್ಟ್ರ್ಯಾಂಡ್ (ಎರಡು ಎಳಿ) ಡಿಎನ್‌ಎಗೆ ಅಂಟಿದಾಗ್ಲೇ ಚಲೋ ಹೊಳೀತದ, ಸ್ವಲ್ಪ ಪ್ರೋಟೀನ್ ಇದ್ರ ನಡೀತದ, ಆದ್ರ ಭಾಳ ಇದ್ದು ಡಿಎನ್‌ಎನ ಬಿಗಿಯಾಗಿ ಹಿಡಕೊಂಡಿದ್ರ ಡೈಗೆ ಜಾಗಾನೇ ಸಿಗಂಗಿಲ್ಲ, ರೀಡಿಂಗ್ ಕಮ್ಮಿ ಬರ್ತದ.

ಮೊದಲು ಸ್ಯಾಂಪಲ್‌ಗೆ ಅಳತಿ ಗೊತ್ತಿರೋ ಲ್ಯಾಂಬ್ಡಾ ಡಿಎನ್‌ಎ (ಹೋಲಿಕಿಗೆ ಬಳಸೋ ಶುದ್ಧ ಡಿಎನ್‌ಎ) ಹಾಕಿ ನೋಡ್ರಿ, ಹಾಕಿದಷ್ಟು ರೀಡಿಂಗ್ ಏರಲಿಲ್ಲ ಅಂದ್ರ ಏನೋ ಅಡ್ಡಿ ಅದ. 10 ಪಟ್ಟು ಡೈಲ್ಯೂಟ್ ಮಾಡಿ, ಬಂದಿದ್ದನ್ನ 10ರಿಂದ ಗುಣಿಸಿದಾಗ ಮೊದಲಿಗಿಂತ ಜಾಸ್ತಿ ಬಂದ್ರೂ ಅದೇ ಸುಳಿವು.

ಆಮ್ಯಾಲ ಪ್ರೋಟಿನೇಸ್ ಕೆ (ಪ್ರೋಟೀನ್ ಕತ್ತರಿಸೋ ಎಂಜೈಮ್) ಹಾಕಿ 56 ಡಿಗ್ರಿಯಾಗ ಇಡ್ರಿ, ಕ್ಲೋರೋಫಾರ್ಮ್ ಹಾಕಿ ಸ್ಪಿನ್ ಮಾಡಿ ಮ್ಯಾಲಿನ ನೀರಷ್ಟೇ ತಗೊಂಡು ಡಿಎನ್‌ಎ ಇಳಿಸಿ 70% ಎಥನಾಲ್‌ದಾಗ ತೊಳ್ದು ಮತ್ತ ಅಳೀರಿ, ಈಗ ರೀಡಿಂಗ್ ಏರಿದ್ರ ಪ್ರೋಟೀನ್ ಅಡ್ಡಿ ಇದ್ದಿರಬಹುದು. ಡಿಎನ್‌ಎ ತಗಿಯೋವಾಗ ಹಾಕೋ ಎಸ್‌ಡಿಎಸ್ (ಸೋಪಿನಂಥ ಡಿಟರ್ಜೆಂಟ್) ಮಾತ್ರ ಜಾಸ್ತಿ ಉಳೀಬಾರದು, ಅದು ಜಾಸ್ತಿ ಇದ್ರ ರೀಡಿಂಗ್ ಕೆಡಸ್ತದ.