ನಮ್ಮ ಡಸ್ಟರ್‌ಗೆ ಟೈರು, ವೀಲು ಆರಿಸಿದ್ದು ಹೀಗೆ

ನಮ್ಮ ಗಾಡಿ ರೆನೋ ಡಸ್ಟರ್, ನಾಲ್ಕೂ ಚಕ್ರಕ್ಕೆ ಎಂಜಿನ್ ಎಳೆತ ಹೋಗುವ ಎಡಬ್ಲ್ಯುಡಿ ಮಾಡೆಲ್. ಮನೆ ದಾವಣಗೆರೆಯಲ್ಲಿ, ಹೊಲ ಭರಮಸಾಗರದ ಕಡೆ. ಹೈವೇಯಲ್ಲಿ ಓಡಿಸುವಾಗ ಬೇರೆ ಗಾಡಿಗೂ ಇದಕ್ಕೂ ಏನೂ ವ್ಯತ್ಯಾಸ ಗೊತ್ತಾಗಲ್ಲ. ಮಳೆ ಬಿದ್ದ ಮೇಲೆ ಎರೆ ಮಣ್ಣಿನ ದಾರಿಗೆ ಇಳಿದಾಗ ಕೊಟ್ಟ ದುಡ್ಡು ಸಾರ್ಥಕ ಅನ್ನಿಸುತ್ತದೆ.

ಮುಂದಿನ ಎರಡು ಟೈರ್ ಬೋಳಾಗುತ್ತಾ ಬಂದಿದ್ದವು. "ಹಿಂದಿನವು ಇನ್ನೂ ಚೆನ್ನಾಗಿವೆ ಸಾರ್, ಮುಂದೆ ಎರಡು ಹಾಕ್ಸಿ ಸಾಕು" ಅಂದರು ಅಂಗಡಿಯವರು. ಮಾಮೂಲಿ ಗಾಡಿಗಾದರೆ ಎರಡೇ ಬದಲಿಸಿದರೂ ನಡೆಯುತ್ತದೆ. ನಮ್ಮದಕ್ಕೆ ಮಾತ್ರ ಒಂದು ಲೆಕ್ಕ ಹಾಕಲೇಬೇಕು.

ಕಂಪನಿ ಕೊಟ್ಟ ಸೈಜ್ 215/65 ಆರ್ 16. ಟೈರಿನ ಅಗಲ 215 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ. 65, ಅಂದರೆ ಸುಮಾರು 140 ಮಿ.ಮೀ. ರಿಮ್ 16 ಇಂಚು, ಅಂದರೆ 406 ಮಿ.ಮೀ. ಮೇಲೆ ಕೆಳಗೆ ಎರಡು ಗೋಡೆ ಸೇರಿಸಿದರೆ ಒಟ್ಟು ವ್ಯಾಸ 686 ಮಿ.ಮೀ. ಹೊಸ ಟೈರಿನ ಕಚ್ಚು, ಅಂದರೆ ನೆಲ ಹಿಡಿಯುವ ಗೀರುಗಳ ಆಳ, ಸುಮಾರು 8 ಮಿ.ಮೀ. ಇರುತ್ತದೆ. ಹಿಂದಿನ ಟೈರಲ್ಲಿ 4 ಉಳಿದಿದೆ ಅಂದರೆ ಅದರ ವ್ಯಾಸ 678. ಹೊಸದು ಒಂದು ಸುತ್ತಿಗೆ 2155 ಮಿ.ಮೀ. ಹೋದರೆ ಸವೆದದ್ದು 2130. ಕಿಲೋಮೀಟರಿಗೆ ಐದು ಸುತ್ತಿಗಿಂತ ಸ್ವಲ್ಪ ಜಾಸ್ತಿ ವ್ಯತ್ಯಾಸ. ದಾವಣಗೆರೆಯಿಂದ ಚಿತ್ರದುರ್ಗ ಸುಮಾರು 60 ಕಿ.ಮೀ. ಅಷ್ಟರಲ್ಲಿ ಹಿಂದಿನ ಚಕ್ರಗಳು ಮುಂದಿನವಕ್ಕಿಂತ ಮುನ್ನೂರಕ್ಕೂ ಹೆಚ್ಚು ಸುತ್ತು ತಿರುಗಿರುತ್ತವೆ.

ತಿರುಗಿದರೆ ತಿರುಗಲಿ ಬಿಡಿ ಅನ್ನೋ ಹಾಗಿಲ್ಲ. ಡಸ್ಟರ್‌ನಲ್ಲಿ ಹಿಂದಿನ ಚಕ್ರಕ್ಕೆ ಎಳೆತ ಕೊಡುವುದು ಕರೆಂಟಿನಿಂದ ಬಿಗಿಯಾಗುವ ಒಂದು ಕ್ಲಚ್. ಯಾವ ಚಕ್ರ ಎಷ್ಟು ವೇಗವಾಗಿ ತಿರುಗುತ್ತಿದೆ ಅಂತ ನೋಡಿಕೊಂಡೇ ಅದನ್ನು ಎಷ್ಟು ಬಿಗಿ ಮಾಡಬೇಕು ಅಂತ ಗಾಡಿ ತೀರ್ಮಾನಿಸುತ್ತದೆ. ತಿರುವಿನಲ್ಲಿ ಮುಂದಿನ ಹಿಂದಿನ ಚಕ್ರದ ವೇಗ ಬೇರೆಯಾಗುವುದು ಸಹಜ, ಅದಕ್ಕೆ ಅದು ತಯಾರಾಗಿರುತ್ತದೆ. ನೇರ ರಸ್ತೆಯಲ್ಲೂ ಗಂಟೆಗಟ್ಟಲೆ ವ್ಯತ್ಯಾಸ ಇದ್ದರೆ ಪ್ಲೇಟುಗಳು ಸುಮ್ನೆ ತಿಕ್ಕಿ ಬಿಸಿಯಾಗುತ್ತವೆ. ಹೆಚ್ಚುಕಡಿಮೆ ಎಲ್ಲಾ ಗಾಡಿಯನ್ನೂ ಎಡಬ್ಲ್ಯುಡಿ ಮಾಡುವುದರಲ್ಲೇ ಹೆಸರಾದ ಸುಬಾರು ಕಂಪನಿ ನಾಲ್ಕು ಟೈರುಗಳ ಸುತ್ತಳತೆಯಲ್ಲಿ ಕಾಲು ಇಂಚಿಗಿಂತ ಜಾಸ್ತಿ ವ್ಯತ್ಯಾಸ ಬೇಡ ಅನ್ನುತ್ತದೆ. ಕಚ್ಚಿನ ಲೆಕ್ಕದಲ್ಲಿ ಅದು ಬರೀ 1 ಮಿ.ಮೀ. ನಮ್ಮಲ್ಲಿ ಇದ್ದದ್ದು 4. ಹಾಗಾಗಿ ನಾಲ್ಕೂ ಹೊಸದೇ ಅಂತ ತೀರ್ಮಾನ ಆಯಿತು. ಜೇಬಿಗೆ ಭಾರ, ನಿಜ. ಆ ಕ್ಲಚ್ ಬದಲಿಸುವ ಖರ್ಚು ಕೇಳಿದ ಮೇಲೆ ಟೈರೇ ಅಗ್ಗ ಅನ್ನಿಸಿತು.

ನಾಲ್ಕೂ ಬದಲಿಸೋದೇ ಆದರೆ ಸೈಜ್ ಯಾಕೆ ಬದಲಿಸಬಾರದು ಅಂತ ಶುರುವಾಯಿತು. ಅಕ್ಕನ ಮಗ "ಮಾಮ, 18 ಇಂಚಿನ ಅಲಾಯ್ ಹಾಕ್ಸು, ಗಾಡಿ ಲುಕ್ಕೇ ಬೇರೆ ಆಗುತ್ತೆ" ಅಂತ ಹಠ ಹಿಡಿದ. ಟೈರ್ 225/50 ಆರ್ 18. ಲೆಕ್ಕ ಮಾಡಿದೆ: ವ್ಯಾಸ 682. ಬರೀ 4 ಮಿ.ಮೀ. ಕಡಿಮೆ. ಇಷ್ಟರ ಮಟ್ಟಿಗೆ ಹುಡುಗ ಹೇಳಿದ್ದು ಸರಿಯೇ. ನಾಲ್ಕೂ ಒಂದೇ ಸೈಜ್ ಇದ್ದರೆ ಕ್ಲಚ್‌ಗೂ ತಕರಾರಿಲ್ಲ.

ತೊಂದರೆ ಬೇರೆ ಕಡೆ ಇತ್ತು. ಗೋಡೆ 140ರಿಂದ 112 ಮಿ.ಮೀ.ಗೆ ಇಳಿಯುತ್ತದೆ. ಗುಂಡಿಗೆ ಬಿದ್ದರೆ ಪೆಟ್ಟು ನೇರ ರಿಮ್ಮಿಗೆ. ಕಂಪನಿ ಟೈರಿನ ಮೇಲೆ 98ಎಚ್ ಅಂತಿದೆ. 98 ಅಂದರೆ ಒಂದು ಟೈರ್ 750 ಕೆ.ಜಿ. ಹೊರಬಲ್ಲದು. ನನಗೆ ತೋರಿಸಿದ 18ರ ಟೈರಲ್ಲಿ 95 ಇತ್ತು, ಅಂದರೆ 690 ಕೆ.ಜಿ. ಹಿಂದೆ ಗೊಬ್ಬರದ ಚೀಲ ಹೇರುವ ಗಾಡಿಗೆ ಇದು ಹಿಂದಕ್ಕೆ ಹೋದ ಹಾಗೆ.

ಇನ್ನು ವೀಲು. ನಮ್ಮದು ಆರೂವರೆ ಇಂಚು ಅಗಲ, ಆಫ್‌ಸೆಟ್ 50, ಅಂದರೆ ಬೋಲ್ಟು ಹಾಕುವ ಮುಖ ವೀಲಿನ ನಡುಮಧ್ಯಕ್ಕಿಂತ 50 ಮಿ.ಮೀ. ಹೊರಕ್ಕಿದೆ. ತೋರಿಸಿದ ಅಲಾಯ್ ಏಳೂವರೆ ಇಂಚು, ಆಫ್‌ಸೆಟ್ 40. ಅಗಲ ಒಂದಿಂಚು ಜಾಸ್ತಿ, ಅದರಲ್ಲಿ ಅರ್ಧ ಹೊರಗೆ ಅರ್ಧ ಒಳಗೆ, ಅಂದರೆ ಆ ಕಡೆ ಈ ಕಡೆ 12.7 ಮಿ.ಮೀ. ಆಫ್‌ಸೆಟ್ 10 ಕಡಿಮೆಯಾದ್ದರಿಂದ ಇಡೀ ವೀಲ್ 10 ಮಿ.ಮೀ. ಹೊರಗೆ ಸರಿಯುತ್ತದೆ. ಒಟ್ಟು ಹೊರಗಡೆ 23 ಮಿ.ಮೀ. ಚಾಚುತ್ತದೆ, ಒಳಗಡೆ 3 ಮಿ.ಮೀ. ಹತ್ತಿರ ಬರುತ್ತದೆ. ನೋಡೋಕೆ ಗತ್ತು. ಆದರೆ ಬೇರಿಂಗ್ ಮೇಲೆ ಹೊರೆ, ಬಾಗಿಲ ತುಂಬ ಕೆಸರು. ಬೋಲ್ಟುಗಳ ಅಳತೆ 5×114.3 (114.3 ಮಿ.ಮೀ. ವ್ಯಾಸದ ವೃತ್ತದಲ್ಲಿ ಐದು ಬೋಲ್ಟು) ಸರಿಹೊಂದುತ್ತಿತ್ತು, ನಡುವಿನ ತೂತು ಮಾತ್ರ 73.1. ಆ ತೂತಿನೊಳಗೆ ಕೂರುವ ನಮ್ಮ ಗಾಡಿಯ ಹಬ್ 66.1. ಮಧ್ಯೆ ರಿಂಗ್ ಹಾಕದಿದ್ದರೆ ಸ್ಟೀರಿಂಗ್ ನಡುಗಬಹುದು. ಬೇಡ ಅಂದೆ. ಹುಡುಗ ಎರಡು ದಿನ ಮುಖ ಊದಿಸಿಕೊಂಡಿದ್ದ.

ನನಗೆ ಆಸೆ ಹುಟ್ಟಿಸಿದ್ದು 225/65 ಆರ್ 16. ಅದೇ ರಿಮ್ಮು, ವ್ಯಾಸ 699, ಗಾಡಿ ಆರೂವರೆ ಮಿ.ಮೀ. ಎತ್ತರ. ವೇಗದ ಮೀಟರ್ ಶೇ. 2ರಷ್ಟು ಕಡಿಮೆ ತೋರಿಸುತ್ತದೆ. ಹೆಚ್ಚಿನ ಮೀಟರ್‌ಗಳು ಮೊದಲೇ ಸ್ವಲ್ಪ ಜಾಸ್ತಿ ತೋರಿಸುವುದರಿಂದ ಅದೇನು ದೊಡ್ಡದಲ್ಲ. ನಾನು ಹಿಂದೆ ಸರಿದದ್ದು ಎರೆ ಮಣ್ಣಿನಿಂದ. ಮುಂದಿನ ಟೈರಿಗೂ ಒಳಗಿನ ಸಸ್ಪೆನ್ಷನ್ ಕಂಬಕ್ಕೂ ನಡುವೆ ಬೆರಳಿಟ್ಟು ನೋಡಿದೆ. ಒಂದು ಬೆರಳು ಸಲೀಸಾಗಿ ಹೋಗುತ್ತದೆ, ಎರಡು ಹೋಗಲ್ಲ. ನಮ್ಮ ಹೊಲದ ಮಣ್ಣು ಹಸಿಯಾದಾಗ ಹಿಟ್ಟಿನ ಮುದ್ದೆ ಥರ ಟೈರಿಗೆ ಸುತ್ತಿಕೊಳ್ಳುತ್ತದೆ, ಆ ಸಂದಿಯಲ್ಲೇ ಹೋಗಿ ಮೆತ್ತುತ್ತದೆ. ಮೆತ್ತಿ ಒಣಗಿದರೆ ರಾಡು ಹಾಕಿ ಕೀಳಬೇಕು. ಅಲ್ಲಿ 5 ಮಿ.ಮೀ. ಕಳೆದುಕೊಳ್ಳೋದೂ ನನಗೆ ಇಷ್ಟ ಇರಲಿಲ್ಲ. ಜಲ್ಲಿ ರಸ್ತೆ, ಕೆಂಪು ಮಣ್ಣು ಮಾತ್ರ ಇರುವವರು ಧೈರ್ಯವಾಗಿ ಹಾಕಿಸಬಹುದು ಅನ್ನೋದು ನನ್ನ ಅಭಿಪ್ರಾಯ, ಸಂದಿಯನ್ನು ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿಕೊಂಡ ಮೇಲೆ.

ಕೊನೆಗೆ ಅದೇ 215/65 ಆರ್ 16, 98ಎಚ್. ನಾಲ್ಕೂ ಒಂದೇ ಕಂಪನಿ, ಒಂದೇ ಮಾದರಿ. ಸೈಜ್ ನಂಬರ್ ಒಂದೇ ಆದರೂ ಕಂಪನಿಯಿಂದ ಕಂಪನಿಗೆ ಅಳತೆ ಕೆಲವು ಮಿ.ಮೀ. ಹೆಚ್ಚುಕಮ್ಮಿ ಇರುತ್ತದೆ. ಗೋಡೆಯ ಮೇಲಿನ ನಾಲ್ಕಂಕಿ ಓದಿಯೇ ತೆಗೆದುಕೊಂಡೆ. ಮೊದಲೆರಡು ಟೈರ್ ತಯಾರಾದ ವಾರ, ಕೊನೆಯೆರಡು ವರ್ಷ.

ಮನೆಗೆ ಬಂದು ಸೀಮೆಸುಣ್ಣ ಹಿಡಿದೆ. ನಾಲ್ಕೂ ಟೈರಿಗೆ ಸರಿಯಾಗಿ ಗಾಳಿ ಹಿಡಿಸಿ, ಟೈರ್ ನೆಲ ಮುಟ್ಟುವ ಕಡೆ ಟೈರಿಗೂ ನೆಲಕ್ಕೂ ಗೆರೆ ಎಳೆದು, ಗಾಡಿಯನ್ನು ನೇರವಾಗಿ ಒಂದು ಸುತ್ತು ತಳ್ಳಿ, ಗೆರೆ ಮತ್ತೆ ಕೆಳಗೆ ಬಂದ ಕಡೆ ಗುರುತು ಹಾಕಿ ಟೇಪಿನಲ್ಲಿ ಅಳೆದೆ. ಗಾಡಿಯ ಭಾರಕ್ಕೆ ಟೈರ್ ಚಪ್ಪಟೆಯಾಗುವುದರಿಂದ 2155ಕ್ಕಿಂತ ಕಡಿಮೆಯೇ ಬರುತ್ತದೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ನಾಲ್ಕೂ ಒಂದಕ್ಕೊಂದು ಹೊಂದಬೇಕು, ಅಷ್ಟೇ.

ಈಗ 8,000 ಕಿ.ಮೀ.ಗೊಮ್ಮೆ ಮುಂದಿನವನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿಸುತ್ತೇನೆ. ಇಲ್ಲದಿದ್ದರೆ ಮುಂದಿನವೇ ಬೇಗ ಸವೆದು ಮತ್ತೆ ಅದೇ ಕಥೆ. ಹಳೆಯ ಹಿಂದಿನ ಟೈರಲ್ಲಿ ಚೆನ್ನಾಗಿದ್ದ ಒಂದು ಸ್ಟೆಪ್ನಿ ಆಗಿದೆ. ಅದನ್ನು ಹಾಕಬೇಕಾಗಿ ಬಂದರೆ ಗಾಡಿಯೊಳಗಿನ ನಾಬನ್ನು ಮುಂದಿನ ಎರಡು ಚಕ್ರಕ್ಕೆ ಮಾತ್ರ ಎಳೆತ ಹೋಗುವ 2ಡಬ್ಲ್ಯುಡಿಗೆ ತಿರುಗಿಸಿ, ನಿಧಾನವಾಗಿ ಪಂಚರ್ ಅಂಗಡಿ ತನಕ ಮಾತ್ರ ಓಡಿಸುತ್ತೇನೆ.