ನಿಜ್ವಾದ ಮನೆಗಳಲ್ಲಿ ಸಂದರ್ಶನ: ನನ್ನ ಅನುಭವ

ಒಂದು ಅಧ್ಯಯನಕ್ಕಾಗಿ ಒಮಾನಿನ ನಿಜ್ವಾ ಮತ್ತು ಸುತ್ತಲಿನ ಊರುಗಳಲ್ಲಿ ಸಕ್ಕರೆ ಕಾಯಿಲೆ ಇರುವ ಹೆಂಗಸರನ್ನು ಮಾತಾಡಿಸುವುದು ನನ್ನ ಕೆಲಸವಾಗಿತ್ತು. ಅಲ್ಲಿ ಅದಕ್ಕೆ ಸುಕ್ಕರಿ ಅನ್ನುತ್ತಾರೆ. ನಮ್ಮ ಸಕ್ಕರೆ, ಅವರ ಸುಕ್ಕರ್ ಎರಡಕ್ಕೂ ಮೂಲ ಸಂಸ್ಕೃತದ ಶರ್ಕರಾ. ಮಾತು ಶುರು ಮಾಡಲು ಇದೇ ನನಗೆ ಒಳ್ಳೆ ನೆಪ.

ಮೊದಲ ಮನೆಯಲ್ಲಿ ಕೂತ ತಕ್ಷಣ ಒಪ್ಪಿಗೆ ಪತ್ರ, ರೆಕಾರ್ಡರ್ ಎರಡನ್ನೂ ಹೊರತೆಗೆದೆ. ಮನೆಯಾಕೆಯ ನಗು ಮಾಯ. 'ಸಹಿ ಯಾಕೆ? ಮಗ ಬರಲಿ.' ತಪ್ಪು ನನ್ನದೇ. ಅಪರಿಚಿತರು ಬಂದು ಕಾಫಿಗೂ ಮುಂಚೆ ಪೇಪರ್ ಚಾಚಿದರೆ ನಮ್ಮಮ್ಮ ಸಹಿ ಹಾಕುತ್ತಿದ್ದರಾ? ಆಮೇಲೆ ಅಧ್ಯಯನದ ರೀತಿನೀತಿ ನೋಡಿಕೊಳ್ಳುವ ಎಥಿಕ್ಸ್ ಕಮಿಟಿಗೆ ಬರೆದು, ಬಾಯಿಮಾತಿನ ಒಪ್ಪಿಗೆಗೆ ಅನುಮತಿ ಪಡೆದೆ. ತಮ್ಮ ದನಿ ರೆಕಾರ್ಡ್ ಆಗುವುದು ಬೇಡ ಅಂದವರ ಮಾತನ್ನು ನಾನೂ ಒಮಾನಿ ಸಹಾಯಕಿಯೂ ಕೈಯಲ್ಲೇ ಬರೆದುಕೊಂಡೆವು.

ಅಲ್ಲಿಂದ ಮುಂದೆ ಯಾವ ಮನೆಯಲ್ಲೂ ಮೊದಲು ಖರ್ಜೂರ, ಏಲಕ್ಕಿ ಹಾಕಿದ ಕಹ್ವಾ, ಅಂದರೆ ಅಲ್ಲಿನ ಕಾಫಿ. ಫಿಂಜಾನ್ ಅನ್ನುವ ಪುಟ್ಟ ಬಟ್ಟಲು ಖಾಲಿಯಾದಂತೆ ತುಂಬುತ್ತಲೇ ಇರುತ್ತಾರೆ. ಸಾಕು ಅನ್ನಲು ಅದನ್ನು ಸ್ವಲ್ಪ ಅಲ್ಲಾಡಿಸಬೇಕು. ಗೊತ್ತಿಲ್ಲದೆ ಆರು ಕುಡಿದಿದ್ದೆ! 'ಸೋಮವಾರ ಬರಲಾ?' ಅಂದರೆ 'ಇನ್ಶಾ ಅಲ್ಲಾಹ್', ದೇವರು ಬಯಸಿದರೆ. ಅದು ಹೌದೂ ಇರಬಹುದು, ನಯವಾದ ಬೇಡವೂ ಇರಬಹುದು. ನಮ್ಮ 'ನೋಡೋಣ' ಥರ ಅಲ್ವಾ.

ನಿಜವಾಗಿ ಕಷ್ಟವಾಗಿದ್ದು ಬೇರೆ. 'ಒಬ್ಬರೇ ಇರುವಾಗ ಕೇಳಿ' ಅಂತ ನಮ್ಮ ನಿಯಮ. ಅತ್ತೆ, ನಾದಿನಿ, ಪಕ್ಕದ ಮನೆಯವರು ಬಂದು ಕೂರುವ ಕೋಣೆಯಲ್ಲಿ ಅದು ಆಗದ ಮಾತು. ಎದ್ದು ಹೋಗಿ ಅನ್ನಲಾಗುತ್ತದೆಯೇ? ಕೊನೆಗೆ ಪ್ರಶ್ನೆಯನ್ನೇ ಬದಲಿಸಿದೆ. 'ನೀವು ರಂಜಾನ್ ಉಪವಾಸ ಮಾಡ್ತೀರಾ?' ಅನ್ನುವುದು ಎಲ್ಲರೆದುರು ಪರೀಕ್ಷೆ ಇಟ್ಟಂತೆ. ಕಾಯಿಲೆಯವರಿಗೆ ಕುರಾನ್‌ನಲ್ಲೇ ವಿನಾಯಿತಿ ಇದೆ. ಆದರೂ ಎಷ್ಟೋ ಜನರಿಗೆ ಬಿಡಲು ಮನಸ್ಸಿಲ್ಲ. 'ಸುಕ್ಕರಿ ಇರುವವರು ಇಲ್ಲಿ ರಂಜಾನ್ ಹೇಗೆ ಕಳೆಯುತ್ತಾರೆ?' ಅಂದೆ ನೋಡಿ, ಅಡ್ಡಿ ಅಂದುಕೊಂಡಿದ್ದ ಅತ್ತೆಯೇ ತಮ್ಮ ತಂಗಿಯ ಕಥೆ ತೆಗೆದರು. ಒಬ್ಬರ ಮಾತಿಗೆ ಇನ್ನೊಬ್ಬರ ತಕರಾರು. ಒಂಟಿಯಾಗಿ ಕೇಳಿದ್ದರೆ ಅಷ್ಟು ಸಿಗುತ್ತಿರಲಿಲ್ಲ.

ಎಲ್ಲವೂ ಸಿಕ್ಕಿತು ಅಂತಲ್ಲ. ಒಂದು ಮನೆಯ ಸೊಸೆ ಒಳಗೆ ಸುಮ್ನೆ ತಲೆಯಾಡಿಸುತ್ತಾ ಕೂತಿದ್ದಳು. ಕಳಿಸಲು ಬಾಗಿಲ ತನಕ ಬಂದಾಗ, ನಾನು ಚಪ್ಪಲಿ ಹಾಕಿಕೊಳ್ಳುವ ಹೊತ್ತಿಗೆ, ಮೆಲ್ಲಗೆ ಅಂದಳು: 'ಉಪವಾಸದ ತಿಂಗಳು ಪೂರ್ತಿ ಮಾತ್ರೆ ಬಿಟ್ಟಿದ್ದೆ. ಡಾಕ್ಟರಿಗೂ ಹೇಳಿಲ್ಲ.' ರೆಕಾರ್ಡರ್ ಆಫ್ ಆಗಿತ್ತು. ಒಳಗೆ ಕೊಟ್ಟ ಒಪ್ಪಿಗೆ ಈ ಮಾತಿಗೆ ಸಲ್ಲುವುದಿಲ್ಲ. ಡಾಕ್ಟರಿಗೆ ಖಂಡಿತ ಹೇಳಿ ಅಂದೆ. ಆಮೇಲೆ 'ಇದನ್ನು ಬರೆದುಕೊಳ್ಳಲಾ?' ಅಂತ ಕೇಳಿದೆ. ಒಮ್ಮೆ ಒಳಗೆ ನೋಡಿ, 'ಬರೆದುಕೊಳ್ಳಿ, ನಾನೇ ಅಂತ ಗೊತ್ತಾಗಬಾರದು' ಅಂದಳು. ಕಾರಿನಲ್ಲಿ ಕೂತು ಬರೆದೆ. ಅವಳ ಊರನ್ನು ವರದಿಯಲ್ಲೂ ಹಾಕಲಿಲ್ಲ, ಇಲ್ಲೂ ಹಾಕಿಲ್ಲ.