ಗ್ಲುಟಮೇಟ್ ರಿಸೆಪ್ಟರ್ ಅಳೆಯುವ ಮೊದಲು ಇಲಿಯನ್ನು ನೋಡಿ

ಲ್ಯಾಬ್‌ಗೆ ಹೊಸದಾಗಿ ಸೇರಿದವರು ನನ್ನನ್ನು ಮೊದಲು ಕೇಳುವುದೇ ಆಂಟಿಬಾಡಿ (ಒಂದು ಪ್ರೋಟೀನನ್ನು ಗುರುತಿಸಿ ಅಂಟಿಕೊಳ್ಳುವ ವಸ್ತು) ಬಗ್ಗೆ. "ಅಕ್ಕಾ, ಗ್ಲುಎನ್2ಬಿಗೆ ಯಾವುದು ತರಿಸೋಣ?" ನರಕೋಶದಲ್ಲಿ ಗ್ಲುಟಮೇಟ್ ಎಂಬ ರಾಸಾಯನಿಕ ಸಂದೇಶವನ್ನು ಹಿಡಿಯುವ ಪ್ರೋಟೀನ್‌ಗಳೇ ಗ್ಲುಟಮೇಟ್ ರಿಸೆಪ್ಟರ್‌ಗಳು; ಅವುಗಳಲ್ಲಿ ಎನ್‌ಎಂಡಿಎ ಎಂಬ ಬಗೆಯ ಒಂದು ಭಾಗ ಈ ಗ್ಲುಎನ್2ಬಿ. ಆಂಟಿಬಾಡಿ ಆಮೇಲಿನ ಮಾತು. ಸತತ ಸಾಮಾಜಿಕ ಒತ್ತಡದಿಂದ ಈ ರಿಸೆಪ್ಟರ್‌ಗಳು ಏನಾಗುತ್ತವೆ ಅಂತ ತಿಳಿಯಬೇಕಾದರೆ ಮೊದಲು ಪಂಜರದ ಮುಂದೆ ಕೂರಬೇಕು.

ಪ್ರಾಣಿ ನೈತಿಕ ಸಮಿತಿಯ ಅನುಮತಿ ಸಿಕ್ಕ ಮೇಲೆ ಸಿಡಿ-1 ಎಂಬ ತಳಿಯ ಜಗಳಗಂಟ ಗಂಡು ಇಲಿಗಳನ್ನು ಆರಿಸಿ. 3 ದಿನ, ದಿನಕ್ಕೆ 3 ನಿಮಿಷ, ಬೇರೆ ಇಲಿಯೊಂದನ್ನು ಪಂಜರಕ್ಕೆ ಬಿಟ್ಟು ನೋಡಿ. ಒಂದರ ಹಿಂದೆ ಒಂದರಂತೆ ಕನಿಷ್ಠ 2 ಸಲವಾದರೂ 1 ನಿಮಿಷದೊಳಗೆ ಮೇಲೆ ಬೀಳದ ಇಲಿಯನ್ನು ಬಿಟ್ಟುಬಿಡಿ. ಇಲ್ಲಿ ಸಡಿಲ ಬಿಟ್ಟರೆ ಮುಂದಿನ ಕೆಲಸವೆಲ್ಲ ದಂಡ.

ಆಮೇಲೆ 10 ದಿನ. ನಾವು ಪರೀಕ್ಷಿಸುವ, ಸಿ57 ಎಂಬ ತಳಿಯ ಕಪ್ಪು ಇಲಿಯನ್ನು ದಿನಾ ಹೊಸ ಸಿಡಿ-1 ಪಂಜರಕ್ಕೆ 5ರಿಂದ 10 ನಿಮಿಷ ಬಿಡಿ. ಉಳಿದ ಹೊತ್ತು ನಡುವೆ ತೂತಿನ ಪಾರದರ್ಶಕ ಹಲಗೆ ಇರಲಿ. ಏಟು ಬೀಳುವುದಿಲ್ಲ, ಆದರೆ ಎದುರಾಳಿ ಕಾಣುತ್ತಾನೆ, ಅವನ ವಾಸನೆ ಬರುತ್ತದೆ. ಒತ್ತಡ ನಿಲ್ಲದೆ ಉಳಿಯುವುದು ಹೀಗೆ. ಗಾಯವನ್ನು ದಿನಾ ನೋಡಿ. ದೊಡ್ಡದಾದರೆ ಆ ಇಲಿಯನ್ನು ಪ್ರಯೋಗದಿಂದ ತೆಗೆಯಿರಿ. ನೋವು ಕೊಡುವುದು ನಾವು, ಆದ್ದರಿಂದ ಈ ಕಾಳಜಿ ನಮ್ಮ ಮೇಲಿದೆ.

11ನೇ ದಿನ ಸಾಮಾಜಿಕ ಪರೀಕ್ಷೆ. ಕಪ್ಪು ಇಲಿ ಮೊದಲು ಖಾಲಿ ಜಾಲರಿಯ ಹತ್ತಿರ ಎಷ್ಟು ಹೊತ್ತು ಕಳೆಯಿತು, ನಂತರ ಅದರೊಳಗೆ ಅಪರಿಚಿತ ಸಿಡಿ-1 ಇದ್ದಾಗ ಎಷ್ಟು ಹೊತ್ತು, ಎರಡನ್ನೂ ಅಳೆಯಿರಿ. ತಲಾ 150 ಸೆಕೆಂಡು ಸಾಕು. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ. 1ಕ್ಕಿಂತ ಕಡಿಮೆ ಬಂದರೆ ಆ ಇಲಿ ಒತ್ತಡಕ್ಕೆ ಕುಗ್ಗಿದೆ. ಅದೇ ಏಟು ತಿಂದು, ಅದೇ ವಾಸನೆಯಲ್ಲಿ ಬದುಕಿದ ಇನ್ನೊಂದು ಇಲಿ ಮಾತ್ರ ನೇರವಾಗಿ ಜಾಲರಿಯ ಹತ್ತಿರ ಹೋಗಿ ಮೂಗು ಚಾಚುತ್ತದೆ! ಈ ಎರಡು ಗುಂಪನ್ನು ಸೇರಿಸಿ ಸರಾಸರಿ ತೆಗೆಯಬೇಡಿ. ನಾವು ಹುಡುಕುತ್ತಿರುವ ಉತ್ತರ ಇರುವುದೇ ಆ ವ್ಯತ್ಯಾಸದಲ್ಲಿ.

ಇನ್ನು ಮಿದುಳು. ಇಡೀ ಮಿದುಳನ್ನು ಒಟ್ಟಿಗೆ ಅರೆಯಬೇಡಿ. ಬೆಂಗಳೂರಿನ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯ ಸುಮಂತ್ರ ಚಟರ್ಜಿ ತಂಡ 2002ರಲ್ಲಿ ಪ್ರಕಟಿಸಿದ ಕೆಲಸ ನೆನಪಿರಲಿ. ಅಲ್ಲಿನ ಒತ್ತಡ ಬೇರೆ ಬಗೆಯದು, ಹೆಗ್ಗಣಗಳನ್ನು ಅಲುಗಾಡದಂತೆ ಹಿಡಿದಿಡುವುದು. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್‌ನ ಸಿಎ3 ಎಂಬ ಭಾಗದಲ್ಲಿ ನರಕೋಶಗಳ ಕವಲು ಕುಗ್ಗಿತ್ತು, ಭಯಕ್ಕೆ ಸಂಬಂಧಿಸಿದ ಅಮಿಗ್ಡಾಲದಲ್ಲಿ ಬೆಳೆದಿತ್ತು. ಎರಡನ್ನೂ ಬೆರೆಸಿದರೆ ಏನೂ ಆಗಿಲ್ಲ ಅನ್ನಿಸಬಹುದು, ಅಲ್ವಾ?

ವೆಸ್ಟರ್ನ್ ಬ್ಲಾಟ್‌ನಲ್ಲಿ (ಆಂಟಿಬಾಡಿ ಬಳಸಿ ಪ್ರೋಟೀನ್ ಅಳೆಯುವ ವಿಧಾನ) ಒಟ್ಟು ಪ್ರೋಟೀನ್ ಒಂದನ್ನೇ ನಂಬಬೇಡಿ. ಎಎಂಪಿಎ ಎಂಬ ಇನ್ನೊಂದು ಬಗೆಯ ಗ್ಲುಟಮೇಟ್ ರಿಸೆಪ್ಟರ್‌ಗಳು ಕೋಶದ ಮೇಲ್ಮೈಗೆ ಬಂದು ಹೋಗುತ್ತಿರುತ್ತವೆ. ಅವುಗಳ ಒಂದು ಭಾಗವಾದ ಗ್ಲುಎ1 ಒಟ್ಟು ಅಷ್ಟೇ ಇದ್ದು, ಕೆಲಸಕ್ಕೆ ಒದಗುವಷ್ಟು ಮೇಲ್ಮೈಯಲ್ಲಿ ಇಲ್ಲದಿರಬಹುದು. ಸಿನಾಪ್ಸ್ (ನರಕೋಶಗಳು ಸಂಧಿಸುವ ಜಾಗ) ಭಾಗವನ್ನು ಬೇರ್ಪಡಿಸಿ ಅದನ್ನೂ ಅಳೆಯಿರಿ. ಯಾವ ಟ್ಯೂಬ್ ಯಾವ ಗುಂಪಿನದು ಅಂತ ಬ್ಲಾಟ್‌ನ ಪಟ್ಟಿಗಳನ್ನು (ಬ್ಯಾಂಡ್) ಅಳೆಯುವವರಿಗೆ ತಿಳಿಯಬಾರದು. ಉಳಿದ ಮಾದರಿಯನ್ನು ಇಲಿಯ ಸಂಖ್ಯೆ ಬರೆದು ಮೈನಸ್ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಿ, ಎನ್‌ಎಂಡಿಎ ರಿಸೆಪ್ಟರ್ ನೋಡಲು ಅದೇ ಬೇಕಾಗುತ್ತದೆ.